ಮೆಣಸಿನ ರಾಯಭಾರದ ಹಿಂದೆ ಹೋದವನು

ತೊಂಡೇಬಾವಿಗೆ ಹೋಗುವ ರೈಲಿನಲ್ಲಿ ಓದಲೆಂದು ಈಚೆಗೆ ಒಂದು ಹಳೆಯ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಭಾರತದಿಂದ ಬರೆದ ಪತ್ರಗಳು. 1664ರ ಇಂಗ್ಲಿಷ್ ಅನುವಾದವನ್ನು ಎಡ್ವರ್ಡ್ ಗ್ರೇ ಪರಿಷ್ಕರಿಸಿ, ಹಕ್ಲೂಯ್ಟ್ ಸೊಸೈಟಿಯವರು 1892ರಲ್ಲಿ ಎರಡು ಸಂಪುಟಗಳಾಗಿ ಅಚ್ಚು ಹಾಕಿಸಿದ್ದು. ದೊಡ್ಡಬಳ್ಳಾಪುರ ದಾಟುವ ಹೊತ್ತಿಗೆ ನಾನು ಗೇರುಸೊಪ್ಪೆಯ ಘಟ್ಟ ಹತ್ತುತ್ತಿದ್ದೆ!

1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ತುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸಿದರು. ಮೆಣಸಿನ ವ್ಯಾಪಾರ ಕೆಡಬಾರದು, ನಾಯಕನಿಗೆ ಸೋತ ಬಂಗರಾಜನ ವಿಷಯವೂ ಇತ್ಯರ್ಥವಾಗಬೇಕು. ದೆಲ್ಲಾ ವಾಲೆಗೆ ಇವೆರಡೂ ಬೇಕಿರಲಿಲ್ಲ. ನಾಡು ನೋಡುವ ಆಸೆಯಿಂದ ಜೊತೆಗೆ ಹೊರಟವನು. ಪುಸ್ತಕದ ಭಾಗ್ಯವೇ ಅದು. ಆಸ್ಥಾನದ ಉಪಚಾರಗಳನ್ನು ಅವನು ವರ್ಣಿಸುವ ಪುಟಗಳಲ್ಲಿ ನನಗೆ ಆಕಳಿಕೆ ಬಂದುದುಂಟು.

ಆದರೆ ಘಟ್ಟದ ಮೇಲಿನ ಗುಡಿಯ ಜಗುಲಿಯಲ್ಲಿ ಅವನು ನಾಲ್ವರು ಹುಡುಗರನ್ನು ಕಾಣುತ್ತಾನೆ. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದಾರೆ. ಗುರುವಿಲ್ಲ. ಮರೆತರೆ ಹೇಳಿಕೊಡುವವರಾರೆಂದು ಕೇಳಿದರೆ, ನಾಲ್ವರಿಗೂ ಒಂದೇ ಕಡೆ ಮರೆವು ಬರಲಾರದೆಂದು ಉತ್ತರ! ನಮ್ಮ ತಾತನವರು ತೊಂಡೇಬಾವಿಯ ಕಡೆಯ ಕೂಲಿಮಠದಲ್ಲಿ ಅಕ್ಷರ ತಿದ್ದಿದ್ದು ಮರಳಿನ ಮೇಲೆಯೇ. ಬೆರಳ ತುದಿಯ ಚರ್ಮ ಸವೆದ ಕಥೆಯನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಪರದೇಶಿಯ ಕಣ್ಣು ಸುಳ್ಳಾಡಿಲ್ಲವೆನ್ನಲು ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಕಂಡದ್ದನ್ನು ಬರೆಯುವಾಗ ಇವನನ್ನು ನಂಬಬಹುದು. ದಾರಿಯ ಗುಡಿಯೊಂದನ್ನು ಹೆಜ್ಜೆಯಿಂದ ಅಳೆದು ನಕ್ಷೆಯನ್ನೇ ತೆಗೆದಿದ್ದಾನೆ. ಊಹೆಗೆ ಹೊರಟರೆ ಮಾತ್ರ ಎಡವುತ್ತಾನೆ: ನಮ್ಮ ದೇವರುಗಳನ್ನೆಲ್ಲ ಈಜಿಪ್ಟಿನಿಂದ ಬಂದವರೆಂದು ಸಾಧಿಸಲು ಹೊರಡುತ್ತಾನೆ. ಆ ಪುಟಗಳನ್ನು ಹಾರಿಸಿದರೆ ನಷ್ಟವೇನೂ ಇಲ್ಲ.

ಹಾರಿಸಲಾಗದ್ದು ಜಕ್ಕಮ್ಮನ ಪ್ರಸಂಗ. ಇಕ್ಕೇರಿಯಲ್ಲಿ ನಗಾರಿ ಬಾರಿಸುವವನೊಬ್ಬನ ಹೆಂಡತಿ ಈಕೆ. ಗಂಡ ಸತ್ತಿದ್ದಾನೆ, ಸಹಗಮನಕ್ಕೆ ಸಿದ್ಧಳಾಗಿದ್ದಾಳೆ. ಇವನು ದುಭಾಷಿಯೊಡನೆ ಅವಳ ಮನೆಗೇ ಹೋಗಿ, ಮಕ್ಕಳು ಚಿಕ್ಕವು, ಬೇಡ ತಾಯಿ ಎಂಬಂತೆ ಬಗೆಬಗೆಯಾಗಿ ಹೇಳುತ್ತಾನೆ. ಅವಳು ನಗುನಗುತ್ತಲೇ ಮಾತಾಡುತ್ತಾಳೆ, ಮನಸ್ಸು ಬದಲಿಸುವುದಿಲ್ಲ. ಕೊನೆಗೆ, ತನ್ನ ಲೇಖನಿಯಿಂದಾದಷ್ಟು ಅವಳ ಹೆಸರನ್ನು ಉಳಿಸುವೆನೆಂದು ಮಾತು ಕೊಟ್ಟು ಬರುತ್ತಾನೆ.

ಇಲ್ಲಿ ನನಗೆ ಸಿಟ್ಟು ಬಂದಿತ್ತು. ಪ್ರಾಣ ಹೋಗುವ ಹೆಣ್ಣಿಗೆ ಕೀರ್ತಿಯ ಆಸೆ ತೋರಿಸುವುದು ಚಿತೆಗೆ ಇನ್ನೊಂದು ಸೌದೆ ಇಟ್ಟಂತಲ್ಲವೆ? ಆಮೇಲೆ ಅವನ ಕಥೆ ನೆನಪಾಯಿತು. 1621ರ ಕೊನೆಯಲ್ಲಿ ಪರ್ಷಿಯದಲ್ಲಿ ಅವನ ಹೆಂಡತಿ ಮಾನಿ ತೀರಿಕೊಂಡಳು. ಮಣ್ಣಿಗಿಡಲು ಮನಸ್ಸಾಗದೆ, ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೂ ತಂದಿದ್ದ. ವರ್ಷಗಳ ನಂತರ ರೋಮಿನಲ್ಲಿ ಸಮಾಧಿ ಮಾಡಿದ. ಸತ್ತವಳನ್ನು ಬಿಡಲಾರದ ಗಂಡಸು, ಸತ್ತವನ ಹಿಂದೆ ಹೊರಟ ಹೆಂಗಸಿಗೆ ಬುದ್ಧಿ ಹೇಳುತ್ತಿದ್ದಾನೆ. ಸಿಟ್ಟು ಪೂರ್ತಿ ಹೋಯಿತೆನ್ನಲಾರೆ. ಆದರೂ ಆ ಪುಟವನ್ನು ಮತ್ತೆ ಓದಿದೆ.

ಜಕ್ಕಮ್ಮನ ಹೆಸರನ್ನು ಇಟಲಿಯ ಕಾಗುಣಿತದಲ್ಲಿ 'ಜಾಕ್ಕಮಾ' ಎಂದು ಬರೆದಿದ್ದಾನೆ. ಮರಳಿನ ಮೇಲೆ ಬರೆಯುತ್ತಿದ್ದ ಹುಡುಗರ ಹೆಸರು ಮಾತ್ರ ಇಲ್ಲ. ಇಕ್ಕೇರಿಯ ಪತ್ರಗಳಿರುವುದು ಎರಡನೆಯ ಸಂಪುಟದಲ್ಲಿ. ಪುಸ್ತಕ ಕೈಗೆ ಸಿಕ್ಕವರು ಅಲ್ಲಿಂದಲೇ ಆರಂಭಿಸಬಹುದು.