ಪರದೆಯ ಮುಖ ಯಾರ ಕಡೆಗೆ?

ಕೇಂದ್ರ ಸರ್ಕಾರ 2011ರಲ್ಲಿ ಸೈಬರ್ ಕೆಫೆಗಳಿಗೆ ನಿಯಮಗಳನ್ನು ಮಾಡಿತು. ಬಂದವರು ಗುರುತಿನ ಚೀಟಿ ತೋರಿಸಬೇಕು, ಅವರ ವಿವರವನ್ನು ಒಂದು ವರ್ಷವಾದರೂ ಕಾಪಾಡಬೇಕು, ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು, ಅಡ್ಡಗೋಡೆ ಇಲ್ಲದ ಕಡೆ ಪರದೆಯ ಮುಖ ಹೊರಗಿರಬೇಕು. ಇದು ಕಾವಲುಗಾರನ ಭಾಷೆ.

ಇದನ್ನೇ ಗ್ರಂಥಾಲಯದ ಕಂಪ್ಯೂಟರಿಗೂ ಅಂಟಿಸುವುದು ಸರಿಯಲ್ಲ. ಆ ನಿಯಮಗಳು ವ್ಯಾಪಾರಕ್ಕಾಗಿ ಇಂಟರ್‌ನೆಟ್ ಕೊಡುವವರಿಗೆ ಬರೆದವು. ಗ್ರಂಥಾಲಯ ಅಂಗಡಿಯಲ್ಲ. ಅದನ್ನು ನಡೆಸುವ ಹಣದಲ್ಲಿ, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯೊಂದಿಗೆ ವಸೂಲಾಗುವ ಗ್ರಂಥಾಲಯ ಕರವೂ ಇದೆ. ಪೀಣ್ಯದ ಬಾಡಿಗೆ ಕೋಣೆಯ ಕಾರ್ಮಿಕನೂ ಬಾಡಿಗೆಯ ಮೂಲಕ ಅದರ ಭಾರ ಹೊರುತ್ತಾನೆ. ಪಿಎಫ್ ಲೆಕ್ಕ ನೋಡಲು, ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಅವನು ಅಲ್ಲಿಗೆ ಬಂದರೆ, ಅವನ ಆದಾಯ, ಬ್ಯಾಂಕ್ ಖಾತೆ ಹಿಂದೆ ನಿಂತವರಿಗೆಲ್ಲ ಕಾಣಬೇಕೇ? ಊರಿನ ವಿಳಾಸದ ಚೀಟಿ ಹಿಡಿದು ಬಂದವನನ್ನು ಅನುಮಾನದಿಂದ ನೋಡಬೇಕೇ?

ನಿಯಮವೇ ಬೇಡವೆಂದಲ್ಲ. ಸರದಿ ಬೇಕು, ಸಮಯದ ಮಿತಿ ಬೇಕು. ಏಳುವ ಮೊದಲು ಲಾಗ್‌ಔಟ್ ಮಾಡಿ ಎಂದು ನೆನಪಿಸುವವರೂ ಬೇಕು. ಇವೆಲ್ಲ ಓದುಗನನ್ನು ಕಾಯುವ ನಿಯಮಗಳು. ಅವು ಓದುಗನಿಂದ ಕಂಪ್ಯೂಟರನ್ನು ಕಾಯುವುದಿಲ್ಲ. ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳ ಕೇಂದ್ರದಲ್ಲಿದ್ದವನೂ ಓದುಗನೇ. ಗೋಡೆಯ ಫಲಕದಲ್ಲಿ 'ಕೂಡದು'ಗಳ ಜೊತೆಗೆ, ತಿಳಿಯದಿದ್ದರೆ ಯಾರನ್ನು ಕೇಳಬೇಕೆಂಬುದೂ ಇರಲಿ. ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ.