ನಿಲ್ಲಿಸಿ ಕೇಳುವವರು

ಮುದ್ದಣನ ‘ಶ್ರೀರಾಮಾಶ್ವಮೇಧಂ’ ಓದಿದ ಬಹಳಷ್ಟು ಜನರಿಗೆ ರಾಮನ ಕುದುರೆಗಿಂತ ಹೆಚ್ಚು ನೆನಪಿರುವುದು ಮನೋರಮೆ. ಮಳೆಗಾಲದಲ್ಲೊಂದು ದಿನ ಮನೆಗೆ ಬಂದ ಗಂಡನನ್ನು ಅವಳು ಕಥೆ ಹೇಳೆಂದು ಕೇಳುತ್ತಾಳೆ. ಯಾವ ಕಥೆ, ಪದ್ಯವೋ ಗದ್ಯವೋ, ಸಂಸ್ಕೃತ ಎಷ್ಟಿರಬೇಕು ಎನ್ನುವುದರಲ್ಲೆಲ್ಲ ಅವಳದೇ ಮಾತು ನಡೆಯುತ್ತದೆ. ಕಥೆ ಶುರುವಾದ ಮೇಲೂ ಸುಮ್ಮನೆ ಕೂರುವುದಿಲ್ಲ. ತಡೆಯುತ್ತಾಳೆ, ಕೆಣಕುತ್ತಾಳೆ, ಅನುಮಾನ ಪಡುತ್ತಾಳೆ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದು 1901ರಲ್ಲಿ, ಮೂವತ್ತೊಂದರ ವಯಸ್ಸಿಗೇ ತೀರಿಕೊಂಡ ನಂದಳಿಕೆ ಲಕ್ಷ್ಮೀನಾರಣಪ್ಪನವರು ಹೊಸಗನ್ನಡಕ್ಕೆ ಕೊಟ್ಟ ಗದ್ಯದ ಬಗ್ಗೆ ನಾವು ಪರೀಕ್ಷೆಗಳಲ್ಲಿ ಸಾಕಷ್ಟು ಬರೆದಿದ್ದೇವೆ. ಆದರೆ ಅವರು ಕೃತಿಯೊಳಗೇ ಒಬ್ಬ ಕೇಳುಗಳನ್ನು ಕೂರಿಸಿ, ಕಥೆಯನ್ನು ನಿಲ್ಲಿಸುವ ಹಕ್ಕನ್ನು ಅವಳಿಗೆ ಕೊಟ್ಟಿದ್ದು ಎಷ್ಟು ದೊಡ್ಡ ಸಂಗತಿ ಎಂದು ನನಗೆ ಹೊಳೆದದ್ದು ಕಳೆದ ವರ್ಷ. ಅದೂ ತರಗತಿಯಲ್ಲಲ್ಲ, ಒಂದು ವಾಟ್ಸಾಪ್ ಗುಂಪಿನಲ್ಲಿ.

ನಾವು ಹದಿನಾಲ್ಕು ಜನ ಸೇರಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಲು ಹೊರಟಿದ್ದೆವು. ಏಳುನೂರು ಪುಟ ಮೀರಿದ, 1967ರ ಈ ಕಾದಂಬರಿಯನ್ನು ಹತ್ತು ವಾರಗಳಿಗೆ ಹಂಚಿಕೊಂಡೆವು. ವಾರವಿಡೀ ಓದು, ಭಾನುವಾರ ಸಂಜೆ ಗೂಗಲ್ ಮೀಟ್‌ನಲ್ಲಿ ಮಾತು. ಪಿಎಚ್.ಡಿ. ಮಾಡುತ್ತಿರುವವಳು, ಅದೂ ಇದೇ ಕಾದಂಬರಿಯ ಮೇಲೆ ಒಂದು ಅಧ್ಯಾಯ ಬರೆಯುತ್ತಿರುವವಳು ಎಂಬ ಕಾರಣಕ್ಕೆ ನಡೆಸಿಕೊಡುವ ಕೆಲಸ ನನಗೆ ಬಂತು. ಮೊದಲ ಭಾನುವಾರ ನಾನು ನಲವತ್ತು ನಿಮಿಷ ಮಾತಾಡಿದೆ. ಬಹುಧ್ವನಿ, ಪ್ರಾದೇಶಿಕತೆ, ವಸಾಹತು ಕಾಲದ ಮಲೆನಾಡು, ಏನನ್ನೂ ಬಿಡಲಿಲ್ಲ. ಎಲ್ಲರೂ ಕೈಮುಗಿಯುವ ಚಿಹ್ನೆ ಹಾಕಿದರು. ಎರಡನೇ ಭಾನುವಾರ ಒಂಬತ್ತು ಜನ ಬಂದರು. ನಾಲ್ಕನೇ ವಾರಕ್ಕೆ ಗುಂಪಿನಲ್ಲಿ ಉಳಿದದ್ದು ‘ಈ ವಾರದ್ದು ಮುಗೀತು’ ಎಂಬ ವರದಿಗಳು ಮತ್ತು ಅವುಗಳಿಗೆ ಹೆಬ್ಬೆಟ್ಟು.

ತಪ್ಪು ಪುಸ್ತಕದ ದಪ್ಪದ್ದೇನೂ ಆಗಿರಲಿಲ್ಲ. 2020ರ ಮಾರ್ಚ್‌ನಲ್ಲಿ ಜಗತ್ತು ಬಾಗಿಲು ಹಾಕಿಕೊಂಡಾಗ, ಕಾದಂಬರಿಕಾರ್ತಿ ಯೀಯುನ್ ಲೀ ಅಮೆರಿಕದ ‘ಎ ಪಬ್ಲಿಕ್ ಸ್ಪೇಸ್’ ಪತ್ರಿಕೆಯ ಜತೆ ಸೇರಿ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯನ್ನು ಎಲ್ಲರೊಡನೆ ಓದಲು ತೊಡಗಿದರು. ದಿನಕ್ಕೆ ಹನ್ನೆರಡು ಹದಿನೈದು ಪುಟ, ಒಟ್ಟು 85 ದಿನ. ಎಲ್ಲೆಲ್ಲಿಯದೋ ಓದುಗರು ಆ ದಿನದ ಪುಟಗಳಲ್ಲಿ ತಾವು ಕಂಡದ್ದನ್ನು ಬರೆದು ಹಂಚಿಕೊಂಡರು. ದೊಡ್ಡ ಪುಸ್ತಕವೊಂದನ್ನು ಚಿಕ್ಕ ತುತ್ತು ಮಾಡಿಕೊಂಡರೆ ಜನ ಓದುತ್ತಾರೆ ಎಂಬುದು ಅಲ್ಲಿ ಕಂಡಿತು. ನಾವೂ ತುತ್ತು ಮಾಡಿಕೊಂಡಿದ್ದೆವು. ಆದರೆ ತುತ್ತನ್ನು ಅಗಿಯಲು ಯಾರಿಗೂ ಬಿಡುವು ಕೊಟ್ಟಿರಲಿಲ್ಲ.

ಐದನೇ ವಾರ ಹಿರಿಯೂರಿನ ಸದಸ್ಯೆಯೊಬ್ಬರು ನನಗೆ ಪ್ರತ್ಯೇಕವಾಗಿ ಬರೆದರು. ಅವರದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ವಯಸ್ಸು ನನಗಿಂತ ಇಪ್ಪತ್ತು ವರ್ಷ ಹೆಚ್ಚು. ‘ಮೇಡಂ, ನಾನು ಇನ್ನೂ ಮೊದಲ ನೂರು ಪುಟದಲ್ಲೇ ಇದೀನಿ. ನನ್ನಿಂದ ಬೇರೆಯವರಿಗೆ ತೊಂದರೆ ಆಗೋದು ಬೇಡ. ಗುಂಪು ಬಿಡಲಾ?’ ಓದುವುದು ನಿಧಾನವಾಯಿತೆಂದು ಒಬ್ಬರು ಕ್ಷಮೆ ಕೇಳುವಂಥ ಓದನ್ನು ನಾನು ನಡೆಸುತ್ತಿದ್ದೆ. ನಾಚಿಕೆಯಾಯಿತು. ‘ಬಿಡಬೇಡಿ ಅಕ್ಕಾ, ನಾವಿಬ್ಬರೂ ನಿಮ್ಮ ವೇಗದಲ್ಲೇ ಓದೋಣ. ಇದಕ್ಕೆ ಬಡ್ಡಿ ರೀಡ್ ಅಂತಾರೆ’ ಎಂದೆ. ‘ನಮ್ಮ ಬ್ಯಾಂಕಲ್ಲಿ ಬಡ್ಡಿ ಅಂದರೆ ಬೇರೆ’ ಎಂದು ಉತ್ತರ ಬಂತು. ಹಾಗೆ ಶುರುವಾಯಿತು.

ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ಒಂಬತ್ತೂವರೆಯ ನಂತರ ಅವರು ಒಂದೆರಡು ಪುಟಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಣ ಕಳಿಸುತ್ತಿದ್ದರು. ಬಯಲುಸೀಮೆಯ ಉಚ್ಚಾರದಲ್ಲಿ ಮಲೆನಾಡಿನ ಮಾತು! ತಡವರಿಸಿದ ಕಡೆ ನಿಲ್ಲಿಸಿ ಕೇಳುತ್ತಿದ್ದರು. ‘ಇಂಬಳ ಅಂದರೇನು?’ ನಾನು ಜಿಗಣೆ ಎಂದು ಅರ್ಥ ಕೊಟ್ಟೆ. ಅವರು ಆ ಪ್ರಶ್ನೆಯನ್ನು ಗುಂಪಿನಲ್ಲೂ ಹಾಕಿದರು. ವಾರಗಳಿಂದ ಮಾತೇ ಆಡದಿದ್ದ ಕೊಪ್ಪದ ಸದಸ್ಯರೊಬ್ಬರು ತಮ್ಮ ತೋಟದಿಂದ, ರಕ್ತ ಸೋರುವ ಪಾದದ ಫೋಟೊ ಕಳಿಸಿದರು. ಅಂದು ಗುಂಪಿನಲ್ಲಿ ರಾತ್ರಿ ಹನ್ನೊಂದರವರೆಗೆ ಮಾತು ನಡೆಯಿತು. ನನ್ನ ನಲವತ್ತು ನಿಮಿಷದ ಉಪನ್ಯಾಸ ಮಾಡಲಾಗದ್ದನ್ನು ಒಂದು ಪದದ ಅರ್ಥ ಗೊತ್ತಿಲ್ಲದಿರುವುದು ಮಾಡಿತ್ತು.

ಆಮೇಲೆ ಬಂದದ್ದು ನನ್ನ ಅಧ್ಯಾಯಕ್ಕೇ ಕೈಹಾಕಿದ ಪ್ರಶ್ನೆ. ಕಾದಂಬರಿ ಓದಿದವರಿಗೆ ಗೊತ್ತು: ಗುತ್ತಿ ಎಲ್ಲರ ಬಾಯಲ್ಲಿ ನಾಯಿಗುತ್ತಿ. ಅವನ ನಾಯಿ ಹುಲಿಯ ಅವನನ್ನು ಬಿಟ್ಟಿರುವುದಿಲ್ಲ. ಕೊನೆಗೆ, ತಿಮ್ಮಿಯೊಡನೆ ಅವನು ಊರು ಬಿಟ್ಟು ಹೊರಟಾಗ, ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಈ ಭಾಗದ ಬಗ್ಗೆ ನಾನು ಎರಡು ಪುಟ ಬರೆದಿಟ್ಟಿದ್ದೆ. ಹಳೆಯ ಜೀತದ ಲೋಕ ಕೊಚ್ಚಿಹೋಗುವುದರ ಪ್ರತಿಮೆ ಆ ನಾಯಿ ಎಂಬುದು ನನ್ನ ವಾದ. ಮಾರ್ಗದರ್ಶಕರಿಗೂ ಒಪ್ಪಿಗೆಯಾಗಿತ್ತು. ಹಿರಿಯೂರಿನ ಅಕ್ಕ ಕೇಳಿದ್ದು ಇಷ್ಟೇ: ‘ನಾಯಿ ಹೋದ ಮೇಲೆ ಅವನನ್ನ ಏನಂತ ಕರೀತಾರೆ?’

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮುಂದುವರಿಸಿದರು. ಅವರ ತಂದೆಯನ್ನು ಊರಲ್ಲಿ ಜೋಡೆತ್ತಿನ ಗೌಡ್ರು ಎನ್ನುತ್ತಿದ್ದರಂತೆ. ಒಂದು ಬರಗಾಲದಲ್ಲಿ ಎತ್ತುಗಳನ್ನು ಮಾರಬೇಕಾಯಿತು. ಹೆಸರು ಮಾತ್ರ ಹೋಗಲಿಲ್ಲ. ‘ಅಪ್ಪ ಸಾಯೋವರೆಗೂ ಯಾರಾದರೂ ಹಂಗೆ ಕರೆದರೆ ತಲೆ ತಗ್ಗಿಸ್ತಿದ್ದರು ಮೇಡಂ.’

ನನ್ನ ಎರಡು ಪುಟಗಳನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿ ನಾಯಿ ಪ್ರತಿಮೆಯಾಗಿತ್ತು, ನದಿ ಪ್ರತಿಮೆಯಾಗಿತ್ತು. ಗುತ್ತಿ ಮಾತ್ರ ಎಲ್ಲೂ ಇರಲಿಲ್ಲ. ಜಾತಿಯ ಕಾರಣಕ್ಕೆ ಬೇರೆಲ್ಲ ಗುರುತುಗಳನ್ನೂ ಕಸಿದುಕೊಂಡ ಲೋಕದಲ್ಲಿ ಅವನಿಗೆ ಸಿಕ್ಕಿದ್ದ ಒಂದು ಹೆಸರು, ಅವನು ಪ್ರೀತಿಸಿದ ಪ್ರಾಣಿಯಿಂದ ಬಂದದ್ದು. ಸ್ವಾತಂತ್ರ್ಯದ ದಡಕ್ಕೆ ಹೋಗುವವನು ಆ ಹೆಸರಿನ ಅರ್ಧವನ್ನು ನೀರಿಗೆ ಕೊಟ್ಟು ಹೋಗಬೇಕಾಗುತ್ತದೆ. ಹಳೆಯ ಲೋಕ ತೊಲಗಿತೆಂದು ನಾನು ಬರೆದಲ್ಲಿ, ಒಬ್ಬ ಮನುಷ್ಯನ ನಷ್ಟವಿತ್ತು. ಆ ಎರಡು ಪುಟಗಳನ್ನು ಹೊಡೆದುಹಾಕಿದೆ. ಅಧ್ಯಾಯ ಆರು ತಿಂಗಳು ತಡವಾಯಿತು.

ಇದನ್ನು ಹೇಳಿ, ಸಾಮಾನ್ಯ ಓದುಗರು ವಿದ್ವಾಂಸರಿಗಿಂತ ದೊಡ್ಡವರು ಎಂಬ ಸುಲಭದ ಮಾತಿಗೆ ನಾನು ಬರುತ್ತಿಲ್ಲ. ಇಬ್ಬರ ಓದೂ ಒಂದಕ್ಕೊಂದು ತಡೆಯಾಗಿ ಬಂದದ್ದರಿಂದ ಇದು ಸಾಧ್ಯವಾಯಿತು. ಅಮೆರಿಕದ ಹ್ಯೂಸ್ಟನ್ ನಗರದ ಮಹಿಳೆಯರ ಓದುಕೂಟಗಳನ್ನು ಅಧ್ಯಯನ ಮಾಡಿ ಎಲಿಜಬೆತ್ ಲಾಂಗ್ 2003ರಲ್ಲಿ ಪ್ರಕಟಿಸಿದ ಪುಸ್ತಕ, ಒಬ್ಬಂಟಿ ಓದುಗನ ಚಿತ್ರವೊಂದೇ ಓದಿನ ಚಿತ್ರವಲ್ಲ ಎಂದು ವಾದಿಸುತ್ತದೆ. ನಮಗೆ ಇದನ್ನು ಹೊರಗಿನವರು ಹೇಳಬೇಕಾಗಿಲ್ಲ. ಗಮಕದಲ್ಲಿ ವಾಚಿಸುವವರೊಬ್ಬರು, ವ್ಯಾಖ್ಯಾನಿಸುವವರು ಇನ್ನೊಬ್ಬರು. ಒಂದು ಷಟ್ಪದಿ ಹಾಡಿ ನಿಲ್ಲಬೇಕು, ಅರ್ಥ ಬಿಡಿಸಬೇಕು, ಆಮೇಲೆ ಮುಂದಿನದು. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಾಡಿನ ಪರಂಪರೆಯನ್ನು ಹೊಗಳಿದೆವು. ಅದು ನಿಲ್ಲುವ ಪರಂಪರೆಯೂ ಹೌದು.

ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತು ಎನ್ನಲಾರೆ. ಭಾರತ ಓದುತ್ತಿದ್ದ ಜಗಲಿಯ ಮೇಲೆ ಯಾರು ಕೂರುತ್ತಿದ್ದರು, ಅಂಗಳದಾಚೆ ಯಾರು ನಿಲ್ಲುತ್ತಿದ್ದರು ಎಂಬುದು ನಮಗೆ ಗೊತ್ತು. ಗುತ್ತಿಯಂಥವರು ಅಲ್ಲಿ ಎದ್ದು ಪ್ರಶ್ನೆ ಕೇಳುವಂತಿರಲಿಲ್ಲ. ಹಿರಿಯೂರು, ಕೊಪ್ಪ, ದುಬೈಗಳಲ್ಲಿರುವವರನ್ನು ಒಂದೇ ಪುಟದ ಮುಂದೆ ಕೂರಿಸುವ ಆನ್‌ಲೈನ್ ಓದು ಆ ಜಗಲಿಗಿಂತ ದೊಡ್ಡದು. ಆದರೆ ಅದು ತನ್ನದೇ ಜಗಲಿಗಳನ್ನು ಕಟ್ಟುತ್ತಿದೆ. ಬೇಗ ಓದುವವರು ಮೇಲೆ, ನಿಧಾನದವರು ಕೆಳಗೆ. ಗುಡ್‌ರೀಡ್ಸ್‌ನಲ್ಲಿ ವರ್ಷಕ್ಕಿಷ್ಟು ಪುಸ್ತಕ ಎಂದು ಗುರಿ ಹಾಕಿಕೊಳ್ಳುತ್ತೇವೆ, ಎಷ್ಟು ಶೇಕಡಾ ಮುಗಿಯಿತೆಂದು ಗುರುತು ಹಾಕುತ್ತೇವೆ. ಒಂದೇ ಸಾಲಿನಲ್ಲಿ ಮೂರು ದಿನ ನಿಂತದ್ದನ್ನು ಲೆಕ್ಕ ಹಾಕಲು ಅಲ್ಲಿ ಜಾಗವಿಲ್ಲ.

ಇನ್ನೊಂದು ತೊಡಕು ನಮ್ಮ ಕನ್ನಡದ ಗುಂಪುಗಳಿಗೆ ವಿಶೇಷವಾದದ್ದು. ಸಮಕಾಲೀನ ಪುಸ್ತಕ ಓದುವಾಗ ಬಹಳ ಸಲ ಲೇಖಕರೂ ಗುಂಪಿನಲ್ಲೇ ಇರುತ್ತಾರೆ. ಅವರ ಎದುರು ‘ಈ ಅಧ್ಯಾಯ ನನಗೆ ಹಿಡಿಸಲಿಲ್ಲ’ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಸಂವಾದವೆಂದು ಕರೆದದ್ದು ಅಭಿನಂದನಾ ಸಮಾರಂಭವಾಗುತ್ತದೆ. ಮುದ್ದಣನನ್ನು ನೋಡಿ: ಕವಿ ಎದುರಿಗೇ ಕೂತಿದ್ದಾನೆ, ಅವನು ಗಂಡ ಬೇರೆ. ಆದರೂ ಮನೋರಮೆ ಅವನನ್ನು ಹಂಗಿಸದೆ ಬಿಡುವುದಿಲ್ಲ. ಆ ಸಲಿಗೆಯಿಂದ ಕಥೆಯೇನೂ ಕೆಡಲಿಲ್ಲ. ನೂರಿಪ್ಪತ್ತು ವರ್ಷಗಳ ನಂತರವೂ ಅದು ನಮ್ಮ ನೆನಪಿನಲ್ಲಿದೆ.

ನಮ್ಮ ಗುಂಪಿನಲ್ಲಿ ಕಾದಂಬರಿಯನ್ನು ಪೂರ್ತಿ ಓದಿದವರು ಆರೇ ಜನ. ಹತ್ತು ವಾರದ್ದು ಏಳು ತಿಂಗಳಾಯಿತು. ಲೆಕ್ಕದ ಪ್ರಕಾರ ಸೋಲು. ಈಗ ಹೊಸ ಪುಸ್ತಕಕ್ಕೆ ವೇಳಾಪಟ್ಟಿ ಹಾಕುವಾಗ ನಾನು ಪ್ರತಿ ಮೂರು ವಾರಕ್ಕೊಂದು ವಾರವನ್ನು ಖಾಲಿ ಬಿಡುತ್ತೇನೆ. ಭಾನುವಾರ ಎಲ್ಲರಿಗಿಂತ ಹಿಂದಿರುವವರು ಮೊದಲು ಮಾತಾಡುತ್ತಾರೆ, ನಾನು ಕೊನೆಗೆ. ಮೊನ್ನೆ ಹಿರಿಯೂರಿನ ಅಕ್ಕ ಧ್ವನಿಮುದ್ರಣ ಕಳಿಸಿದ್ದರು. ಅರ್ಧ ಪುಟ ಓದಿ, ನಿಲ್ಲಿಸಿ, ‘ಇಲ್ಲಿ ಏನೋ ಸರಿ ಹೋಗ್ತಿಲ್ಲ ನೋಡಿ’ ಎಂದಿದ್ದರು. ನಾನು ಆ ಪುಟವನ್ನು ದಾಟಿ ಮೂರು ದಿನವಾಗಿತ್ತು. ಮತ್ತೆ ಹಿಂದಕ್ಕೆ ತಿರುಗಿಸಿದೆ.