ರಾಜೀನಾಮೆಯ ಕಾಗದ

‘ಹೋಗ್ಲಿ ಬುಡವ್ವ, ಅದಲ್ದಿದ್ರೆ ಇನ್ನೊಂದು.’ ಗಾರ್ಮೆಂಟ್ಸ್ ಕೆಲಸ ಕಳೆದುಕೊಂಡು ಮನೆಗೆ ಬಂದ ಹೆಣ್ಣುಮಗಳಿಗೆ ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯ ಕಡೆ ಹಿರಿಯರು ಹೇಳುವ ಸಮಾಧಾನ ಇದು. ಮಾತಿನಲ್ಲಿ ಅಕ್ಕರೆಯಿದೆ, ಲೆಕ್ಕವೂ ಇದೆ. ಮೈಸೂರಿನ ಕಾರ್ಮಿಕ ನ್ಯಾಯಾಲಯಕ್ಕೆ ಕೊಳ್ಳೇಗಾಲದಿಂದಲೇ ಸುಮಾರು 60 ಕಿಲೋಮೀಟರ್. ಪ್ರತಿ ವಾಯಿದೆಗೂ ಬಸ್ ಚಾರ್ಜಿನ ಜೊತೆಗೆ ಅಂದಿನ ಕೂಲಿಯೂ ಹೋಗುತ್ತದೆ.

ಆದರೂ ಈ ಸಮಾಧಾನವನ್ನು ನಾನು ಒಪ್ಪಲಾರೆ. ಇನ್ನೊಂದು ಕೆಟ್ಟ ರೂಢಿಗೆ ಅದು ಒತ್ತಾಸೆಯಾಗುತ್ತದೆ. ತೆಗೆಯುವವರು ‘ತೆಗೆದೆವು’ ಎಂದು ಬರೆದುಕೊಡುವುದಿಲ್ಲ. ‘ನೀನೇ ರಾಜೀನಾಮೆ ಕೊಡು, ಪಿಎಫ್ ಬೇಗ ಬರುತ್ತದೆ’ ಎನ್ನುತ್ತಾರೆ. ವಜಾ ಆದವಳ ಕೈಯಲ್ಲಿ ಕಾನೂನಿದೆ. ತಾನೇ ಬಿಟ್ಟೆನೆಂದು ಬರೆದವಳು, ಬಲವಂತದಿಂದ ಬರೆಸಿಕೊಂಡರೆಂದು ಮೊದಲು ಸಾಬೀತು ಮಾಡಬೇಕು. ಕೈಗಾರಿಕಾ ವಿವಾದ ಕಾಯ್ದೆಗೆ 1965ರಲ್ಲಿ ಸೇರಿದ 2-ಎ ಕಲಂ, ಸಂಘವಿಲ್ಲದ ಒಬ್ಬಂಟಿಗೂ ವಜಾವನ್ನು ಪ್ರಶ್ನಿಸುವ ದಾರಿ ತೆರೆಯಿತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ದಾರಿ ಉಳಿದಿದೆ. ಗಡುವು ಮಾತ್ರ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ಶ್ರೀರಂಗಪಟ್ಟಣವನ್ನು ನೆನೆಯೋಣ. 2020ರ ಜೂನ್‌ನಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಅಲ್ಲಿನ ಕಾರ್ಖಾನೆ 1,200ಕ್ಕೂ ಹೆಚ್ಚು ಕಾರ್ಮಿಕರನ್ನು ಲೇ-ಆಫ್ ಮಾಡಿ ಬಾಗಿಲು ಮುಚ್ಚಿತು. ಹೆಚ್ಚಿನವರು ಹೆಂಗಸರು. ಕೊರೊನಾದ ಆ ದಿನಗಳಲ್ಲೂ ವಾರಗಟ್ಟಲೆ ಧರಣಿ ಕೂತರು. ಗಾರ್ಮೆಂಟ್ ಕಾರ್ಮಿಕರ ಸಂಘ ಗಾಟ್ವು ಪಟ್ಟು ಬಿಡಲಿಲ್ಲ. 2021ರ ಫೆಬ್ರುವರಿಯಲ್ಲಿ ಒಪ್ಪಂದವಾಯಿತು: ಕಂಪನಿ ಸಂಘವನ್ನು ಮಾನ್ಯ ಮಾಡಿತು, ಮೈಸೂರಿನಲ್ಲಿ ಮತ್ತೆ ಕೆಲಸ ಕೊಡಲು ಒಪ್ಪಿತು. ಮುಚ್ಚಿದ ಕಾರ್ಖಾನೆಯೇನೋ ತೆರೆಯಲಿಲ್ಲ. ಅದನ್ನು ಅರೆಗೆಲುವು ಎನ್ನುವವರಿದ್ದಾರೆ; ಎಂಟು ತಿಂಗಳು ಬಿಡದೆ ನಿಂತವರಿಗೆ ನಾನು ಆ ಮಾತು ಹೇಳಲಾರೆ.

ಅಷ್ಟು ಜನ, ಅಂಥ ಸಂಘ ಎಲ್ಲರಿಗೂ ಸಿಗುವುದಿಲ್ಲ, ನಿಜ. ಬಿಡಬೇಕಾದ ಪ್ರಕರಣಗಳೂ ಇವೆ. ಟಿಕೆಟ್ ಹಣದಲ್ಲಿ ಕಂಡಕ್ಟರ್‌ನ ಅಪ್ರಾಮಾಣಿಕತೆ ಸಾಬೀತಾದರೆ, ಮೊತ್ತ ಸಣ್ಣದೆಂಬ ವಾದಕ್ಕೆ ಸುಪ್ರೀಂ ಕೋರ್ಟ್ ಮಣಿದಿಲ್ಲ. ಅಂಥ ಮೊಕದ್ದಮೆಗೆ ವರ್ಷಗಳನ್ನು ಸುರಿಯುವುದು ವ್ಯರ್ಥ.

ಉಳಿದವರ ಮುಂದೆ ‘ಹೋರಾಡು ಇಲ್ಲವೇ ಬಿಡು’ ಎಂಬ ಪ್ರಶ್ನೆಯನ್ನು ಇಡುವುದೇ ತಪ್ಪು. ಇನ್ನೊಂದು ಕೆಲಸ ಹಿಡಿದ ಮಾತ್ರಕ್ಕೆ ಅರ್ಜಿ ಬಿದ್ದುಹೋಗದು. ಹಿಂಬಾಕಿ ವೇತನ ಕಡಿಮೆಯಾಗಬಹುದು, ಅಷ್ಟೆ. ಆದ್ದರಿಂದ ತಾಯಂದಿರೇ, ಕೆಲಸ ಹುಡುಕಿಕೊಳ್ಳಿ, ಜೊತೆಗೆ ಕಾರ್ಮಿಕ ಇಲಾಖೆಗೆ ಅರ್ಜಿಯನ್ನೂ ಕೊಡಿ. ರಾಜೀನಾಮೆಗೆ ಮಾತ್ರ ಕೇಳಿದ ದಿನವೇ ಸಹಿ ಹಾಕಬೇಡಿ.